ಕಿವಿ ಪರೀಕ್ಷೆ ಶುರುವಾಗುವುದು ಮೆಷಿನ್‌ನಿಂದ ಅಲ್ಲ: ನನ್ನ ಅನುಭವ

ನಾನು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್. ದೊಡ್ಡವರ ಕಿವಿ ಪರೀಕ್ಷೆ ನನ್ನ ಕೆಲಸ. ಎಷ್ಟು ಕೇಳಿಸುತ್ತದೆ ಅಂತ ಅಳೆಯುವುದು ಅದರಲ್ಲಿ ಅರ್ಧ ಮಾತ್ರ. ಉಳಿದ ಅರ್ಧ ತಲೆಸುತ್ತಿನದು. ಕೇಳಿಸಿಕೊಳ್ಳುವ ಭಾಗ, ಸಮತೋಲನ ಕಾಯುವ ಭಾಗ ಎರಡೂ ಒಳಕಿವಿಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಎರಡರ ಸುದ್ದಿಯನ್ನೂ ಮೆದುಳಿಗೆ ಒಯ್ಯುವುದು ಎಂಟನೇ ನರವೇ. ಹಾಗಾಗಿ ತಲೆಸುತ್ತು ಅಂತ ಬಂದವರಿಗೂ ಮೊದಲು ಶ್ರವಣ ಪರೀಕ್ಷೆ ಮಾಡುತ್ತೇನೆ. "ನನಗೆ ಕಿವಿ ಚೆನ್ನಾಗೇ ಕೇಳಿಸುತ್ತಲ್ಲ, ಇದೆಲ್ಲ ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ಒಂದು ಕಿವಿ ನಿಧಾನವಾಗಿ ಮಂಕಾಗಿದ್ದರೆ ಅದು ಗೊತ್ತೇ ಆಗದಿರಬಹುದು. ಇನ್ನೊಂದು ಕಿವಿ ಸುಮ್ನೆ ಆ ಕೆಲಸವನ್ನೂ ಮಾಡಿಕೊಂಡು ಹೋಗಿರುತ್ತದೆ.

ಆದರೆ ಹೆಡ್‌ಫೋನ್ ಹಾಕುವ ಮೊದಲು ಕೂರಿಸಿ ಮಾತಾಡುತ್ತೇನೆ. ಈ ಮಾತುಕತೆಗೆ ಎಷ್ಟೇ ಜನ ಕಾಯುತ್ತಿದ್ದರೂ ಸಮಯ ಕಡಿಮೆ ಮಾಡುವುದಿಲ್ಲ. ನನ್ನ ಮೊದಲ ಪ್ರಶ್ನೆ: ತಲೆಸುತ್ತು ಬಂದಾಗ ಎಷ್ಟು ಹೊತ್ತು ಇರುತ್ತದೆ? ಎರಡನೆಯದು: ಆಗ ಏನು ಮಾಡುತ್ತಿದ್ದಿರಿ? ಮಲಗಿದಲ್ಲಿ ಮಗ್ಗುಲು ಬದಲಿಸಿದಾಗ ಬಂದು ಒಂದು ನಿಮಿಷದೊಳಗೆ ಹೋದರೆ ನನ್ನ ಯೋಚನೆ ಒಂದು ದಾರಿ ಹಿಡಿಯುತ್ತದೆ, ಅದನ್ನು ಮುಂದೆ ಹೇಳುತ್ತೇನೆ. 20 ನಿಮಿಷದಿಂದ 12 ಗಂಟೆವರೆಗೆ ಸುತ್ತಿ, ಜೊತೆಗೆ ಒಂದು ಕಿವಿ ಗುಂಯ್ ಎಂದು, ಕೇಳಿಸುವುದೂ ಏರಿಳಿದರೆ ಮೆನಿಯರ್ ಅನ್ನುವ ಒಳಕಿವಿಯ ಕಾಯಿಲೆ ಇರಬಹುದೇ ಅಂತ ನೋಡಬೇಕು. ದಿನಗಟ್ಟಲೆ ಬಿಡದೆ ಸುತ್ತಿದರೆ ಸಮತೋಲನದ ನರಕ್ಕೆ ಊತ ಬಂದಿರಬಹುದು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬಂದರೆ ರಕ್ತದೊತ್ತಡವನ್ನೂ ನೋಡಿಸಬೇಕು. ಇಷ್ಟು ತಿಳಿದ ಮೇಲೆ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಅನ್ನುವುದು ಹೆಚ್ಚುಕಮ್ಮಿ ತೀರ್ಮಾನವಾದಂತೆ. ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ವಾಂತಿ ಬರುವಷ್ಟು ಸುತ್ತುವ ಮನುಷ್ಯನನ್ನು ಬೇಕಿಲ್ಲದೆ ಇನ್ನೂ ಸುತ್ತಿಸಬಾರದು, ಅಲ್ವಾ?

ಆಮೇಲೆ ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತೇನೆ. ಗುಗ್ಗೆ ತುಂಬಿದ್ದರೆ ಮೊದಲು ಅದನ್ನು ತೆಗೆಸಬೇಕು. ಕಿವಿಯ ತಮಟೆಯಲ್ಲಿ ತೂತು ಇದ್ದರೆ ಮುಂದೆ ಕಿವಿಗೆ ನೀರು ಬಿಡುವ ಪರೀಕ್ಷೆ ಮಾಡುವಂತಿಲ್ಲ.

ಸೌಂಡ್‌ಪ್ರೂಫ್ ಕೋಣೆಯ ಪರೀಕ್ಷೆ ನೋಡಲು ಬಹಳ ಸರಳ. ಶಬ್ದ ಕೇಳಿದರೆ ಬಟನ್ ಒತ್ತಬೇಕು. ಚೆನ್ನಾಗಿ ಕೇಳುವ ಕಿವಿಯಲ್ಲಿ 1000 ಹರ್ಟ್ಸ್‌ನಿಂದ ಶುರು ಮಾಡಿ, ಒಂದೊಂದಾಗಿ 250ರಿಂದ 8000 ಹರ್ಟ್ಸ್‌ವರೆಗೆ ನೋಡುತ್ತೇನೆ; ಹರ್ಟ್ಸ್ ಹೆಚ್ಚಾದಷ್ಟೂ ಸ್ವರ ಕೀಚಲು. ಕೇಳಿಸಿದರೆ ಶಬ್ದದ ಜೋರನ್ನು 10 ಡೆಸಿಬೆಲ್ ಇಳಿಸುವುದು, ಕೇಳಿಸದಿದ್ದರೆ 5 ಏರಿಸುವುದು. ಆದರೆ ಇದೆಲ್ಲ ಒಳಗೆ ಕೂತವರು ಯಾವಾಗ ಬಟನ್ ಒತ್ತುತ್ತಾರೆ ಅನ್ನುವುದರ ಮೇಲೆ ನಿಂತಿದೆ. ವಯಸ್ಸಾದವರಲ್ಲಿ ಅನೇಕರು ಪೂರಾ ಖಾತ್ರಿಯಾದ ಮೇಲೆಯೇ ಒತ್ತುತ್ತಾರೆ. ತಪ್ಪಾದರೆ ಬೈಸಿಕೊಳ್ಳಬೇಕಾದೀತು ಅನ್ನುವ ಅಂಜಿಕೆ ಇರುತ್ತದೆ. ಹಾಗೆ ಮಾಡಿದರೆ ಇರುವುದಕ್ಕಿಂತ ಕಡಿಮೆ ಕೇಳಿಸುತ್ತದೆ ಅಂತ ಆಡಿಯೋಗ್ರಾಮ್, ಅಂದರೆ ಪರೀಕ್ಷೆಯ ನಕ್ಷೆ, ಬರುತ್ತದೆ. ಅದಕ್ಕೇ ನಾನು ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳುತ್ತೇನೆ: "ಇದರಲ್ಲಿ ಪಾಸು-ಫೇಲು ಇಲ್ಲ. ಕೇಳಿಸಿದ ಹಾಗೆ ಅನಿಸಿದರೂ ಸಾಕು, ಒತ್ತಿ." ಕಿವಿಯಲ್ಲಿ ಸದಾ ಗುಂಯ್ ಅನ್ನುವವರಿಗೆ ಒಂದೇ ಸಮನೆ ಬರುವ ಶಬ್ದ ಕೊಡುವುದಿಲ್ಲ, ಬಿಟ್ಟು ಬಿಟ್ಟು ಬರುವ ಶಬ್ದ ಕೊಡುತ್ತೇನೆ. ಆಗ ತಮ್ಮ ಕಿವಿಯ ಸದ್ದು ಯಾವುದು, ನನ್ನದು ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಕೆಟ್ಟ ಕಿವಿಗೆ ಜೋರಾಗಿ ಶಬ್ದ ಕೊಟ್ಟಾಗ ಅದು ತಲೆಬುರುಡೆ ದಾಟಿ ಒಳ್ಳೆಯ ಕಿವಿಗೆ ಕೇಳಿಸಬಹುದು. ಸಾಮಾನ್ಯ ಹೆಡ್‌ಫೋನ್‌ನಲ್ಲಿ ಎರಡು ಕಿವಿಗಳ ನಡುವೆ ಸುಮಾರು 40 ಡೆಸಿಬೆಲ್ ವ್ಯತ್ಯಾಸ ಬಂದರೇ ಈ ಅನುಮಾನ ಬರಬೇಕು. ಆಗ ಒಳ್ಳೆಯ ಕಿವಿಗೆ ಗಾಳಿ ಬೀಸಿದಂಥ ಸದ್ದು ಕೊಟ್ಟು ಅದನ್ನು ಬೇರೆ ಕೆಲಸಕ್ಕೆ ಹಚ್ಚುತ್ತೇವೆ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ. ಸಮಯ ಹಿಡಿಯುತ್ತದೆ, ಕೂತವರಿಗೆ ಬೇಜಾರೂ ಆಗುತ್ತದೆ. ಆದರೂ ಬಿಡುವ ಹಾಗಿಲ್ಲ. ಬಿಟ್ಟರೆ ಪೂರ್ತಿ ಕಿವುಡಾದ ಕಿವಿಯೂ ಸ್ವಲ್ಪ ಕೇಳಿಸುವ ಕಿವಿಯ ಹಾಗೆ ಕಾಗದದ ಮೇಲೆ ಬಂದುಬಿಡುತ್ತದೆ. ಕಿವಿಯ ಹಿಂದಿನ ಮೂಳೆಯ ಮೇಲೆ ಸಾಧನ ಇಟ್ಟು ಮಾಡುವ ಪರೀಕ್ಷೆಯಿಂದ ತೊಂದರೆ ಹೊರ-ಮಧ್ಯ ಕಿವಿಯದೋ, ಒಳಕಿವಿ ಅಥವಾ ನರದ್ದೋ ಅಂತ ತಿಳಿಯುತ್ತದೆ. ಟಿಂಪನೋಮೆಟ್ರಿ ಕೆಲವೇ ಸೆಕೆಂಡಿನ ಕೆಲಸ: ಕಿವಿಯಲ್ಲಿ ಗಾಳಿಯ ಒತ್ತಡ ಬದಲಿಸಿ ತಮಟೆ ಎಷ್ಟು ಅಲುಗಾಡುತ್ತದೆ ಅಂತ ನೋಡುವುದು.

ಈಗ ನನಗೆ ತುಂಬಾ ಇಷ್ಟದ ಭಾಗ. ಮಗ್ಗುಲು ಬದಲಿಸಿದರೆ ಸುತ್ತುತ್ತದೆ ಅನ್ನುವವರಿಗೆ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡುತ್ತೇನೆ. 1952ರಲ್ಲಿ ಬರೆದಿಟ್ಟ ವಿಧಾನ ಇದು. ಕುತ್ತಿಗೆ, ಬೆನ್ನು ನೋವು ಇದೆಯಾ ಅಂತ ಮೊದಲೇ ಕೇಳಿಕೊಂಡು ಮಂಚದ ಮೇಲೆ ಕೂರಿಸುತ್ತೇನೆ. ತಲೆಯನ್ನು 45 ಡಿಗ್ರಿ ಒಂದು ಕಡೆ ತಿರುಗಿಸಿ, ಹಿಡಿದುಕೊಂಡು ಸರಕ್ಕನೆ ಮಲಗಿಸುತ್ತೇನೆ. ತಲೆ ಮಂಚದ ಅಂಚಿನಾಚೆ ಸ್ವಲ್ಪ ಕೆಳಗೆ ಇರಬೇಕು. ಮಲಗಿಸಿದ ತಕ್ಷಣ ಏನೂ ಆಗದಿರಬಹುದು. ಕೆಲವು ಸೆಕೆಂಡು ಕಾಯಬೇಕು. ಆಮೇಲೆ ಕಣ್ಣುಗುಡ್ಡೆ ತಿರುಚಿಕೊಳ್ಳುತ್ತಾ ಮೇಲಕ್ಕೆ ಬಡಿಯಲು ಶುರುವಾಗುತ್ತದೆ, ಮನುಷ್ಯ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹೆದರಿ ಕಣ್ಣು ಮುಚ್ಚಿದರೆ ಪರೀಕ್ಷೆಯೇ ವ್ಯರ್ಥ. ಅದಕ್ಕೆ ಮಲಗಿಸುವ ಮೊದಲೇ ಎಲ್ಲ ಹೇಳಿರುತ್ತೇನೆ: "ಸುತ್ತುತ್ತದೆ, ಒಂದು ನಿಮಿಷದೊಳಗೆ ನಿಲ್ಲುತ್ತದೆ, ನಾನು ಬಿಡಲ್ಲ, ಕಣ್ಣು ಮಾತ್ರ ತೆರೆದಿರಿ."

ಒಳಕಿವಿಯ ಒಂದು ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟ್‌ನ ಸಣ್ಣ ಹರಳುಗಳಿರುತ್ತವೆ. ಅವು ಕಳಚಿ ಅರೆವೃತ್ತದ ನಾಳಕ್ಕೆ, ಜಾಸ್ತಿ ಸಲ ಹಿಂಬದಿಯ ನಾಳಕ್ಕೆ, ಜಾರಿದಾಗ ಹೀಗಾಗುತ್ತದೆ. ಇದಕ್ಕೆ ಮಾತ್ರೆ ಬೇಕಿಲ್ಲ. ಜಾನ್ ಎಪ್ಲಿ ರೂಪಿಸಿದ ವಿಧಾನದಲ್ಲಿ ಅದೇ ಮಂಚದ ಮೇಲೆ ತಲೆಯನ್ನು ಹಂತ ಹಂತವಾಗಿ ಇನ್ನೊಂದು ಕಡೆಗೆ ತಿರುಗಿಸಿ, ಮೂಗು ನೆಲದ ಕಡೆ ಬರುವಂತೆ ಮಗ್ಗುಲಾಗಿಸಿ, ಆಮೇಲೆ ಕೂರಿಸಿದರೆ ಹರಳು ತನ್ನ ಜಾಗಕ್ಕೆ ಮರಳುತ್ತದೆ. ಅವಸರ ಮಾಡಬಾರದು, ಪ್ರತಿ ಹಂತದಲ್ಲೂ ಸುತ್ತು ನಿಲ್ಲುವವರೆಗೆ ಕಾಯಬೇಕು. ತಿಂಗಳುಗಟ್ಟಲೆ ಮಾತ್ರೆ ನುಂಗಿ, ಸ್ಕ್ಯಾನ್ ಮಾಡಿಸಿ, ಕೂತೇ ನಿದ್ದೆ ಮಾಡುತ್ತಿದ್ದವರು ಒಮ್ಮೆ ಹೀಗೆ ಮಾಡಿಸಿಕೊಂಡು ಹಗುರಾಗಿ ಹೋಗುವುದನ್ನು ನೋಡಿದ್ದೇನೆ. ಈ ಪರೀಕ್ಷೆ ಇನ್ನೂ ಬೇಗ ಇವರಿಗೆ ಸಿಗಬೇಕಿತ್ತು ಅಂತ ಪ್ರತಿ ಸಲವೂ ಸಂಕಟವಾಗುತ್ತದೆ.

ಕಣ್ಣನ್ನು ವಿಡಿಯೋ ಮಾಡುವ ಕನ್ನಡಕ ಹಾಕಿ, ನಾನು ತಲೆಯನ್ನು ಚಿಕ್ಕದಾಗಿ, ಚುರುಕಾಗಿ ತಿರುಗಿಸುವ ಪರೀಕ್ಷೆಯೂ ಇದೆ. ಎದುರಿನ ಚುಕ್ಕೆಯ ಮೇಲೆ ಕಣ್ಣು ನೆಟ್ಟಿರಬೇಕು. ತಲೆ ತಿರುಗಿಸಿದ ಬದಿಯ ಒಳಕಿವಿ ಸೋತಿದ್ದರೆ ಕಣ್ಣು ತಲೆಯ ಜೊತೆ ಜಾರಿ, ಮತ್ತೆ ಚುಕ್ಕೆಗೆ ಹಾರಿ ಬರುತ್ತದೆ. ವಿಚಿತ್ರ ಅಂದರೆ, ಬಿಡದೆ ಸುತ್ತುತ್ತಿರುವ ಮನುಷ್ಯನಲ್ಲಿ ಇದು ನಾರ್ಮಲ್ ಬಂದರೆ ನನಗೆ ಜಾಸ್ತಿ ಭಯ. ತೊಂದರೆ ಕಿವಿಯದಲ್ಲ, ಮೆದುಳಿನದಿರಬಹುದು, ಸ್ಟ್ರೋಕ್ ಕೂಡ ಆಗಿರಬಹುದು. ಆಗ ಉಳಿದ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ತಕ್ಷಣ ಡಾಕ್ಟರನ್ನು ಕರೆಯುತ್ತೇನೆ.

ಕಿವಿಗೆ ನೀರು ಬಿಡುವ ಕ್ಯಾಲೋರಿಕ್ ಪರೀಕ್ಷೆ ಹಳೆಯದು. ಅದರ ಹಿಂದಿನ ಕೆಲಸಕ್ಕೆ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂತು. 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರು, ಅಂದರೆ ಮೈಬಿಸಿಗಿಂತ 7 ಡಿಗ್ರಿ ಕೆಳಗೆ, 7 ಡಿಗ್ರಿ ಮೇಲೆ, ಬಿಟ್ಟು ಕಣ್ಣುಗುಡ್ಡೆ ಹೇಗೆ ಅಲುಗುತ್ತದೆ ಅಂತ ನೋಡುವುದು. ಒಂದೊಂದು ಕಿವಿಯನ್ನೂ ಬೇರೆಯಾಗಿ ಅಳೆಯಲು ಆಗುವುದು ಇದರ ದೊಡ್ಡ ಗುಣ. ತಲೆಸುತ್ತಿನ ಮಾತ್ರೆಗಳು ಫಲಿತಾಂಶವನ್ನು ಮಂಕು ಮಾಡುತ್ತವೆ. ಅದಕ್ಕೆ ಡಾಕ್ಟರ್ ಒಪ್ಪಿದರೆ ಸಾಮಾನ್ಯವಾಗಿ 48 ಗಂಟೆ ಮೊದಲು ನಿಲ್ಲಿಸಲು ಹೇಳುತ್ತೇವೆ. ಬಿಪಿ, ಸಕ್ಕರೆ, ಹೃದಯದ ಮಾತ್ರೆ ಮಾತ್ರ ಬಿಡಬಾರದು, ಇದನ್ನು ಎರಡೆರಡು ಸಲ ಹೇಳುತ್ತೇನೆ. ಕತ್ತಲಲ್ಲಿ ಸುಮ್ಮನೆ ಮಲಗಿದವರಿಗೆ ತೂಕಡಿಕೆ ಬಂದರೆ ಕಣ್ಣಿನ ಚಲನೆ ಕುಗ್ಗುತ್ತದೆ. ಹಾಗಾಗಿ ಅವರನ್ನು ಮಾತಾಡಿಸುತ್ತಲೇ ಇರುತ್ತೇನೆ. ಹೂವಿನ ಹೆಸರು ಹೇಳಿ, ನೂರರಿಂದ ಹಿಂದಕ್ಕೆ ಎಣಿಸಿ, ಹೀಗೆ. ಅಡುಗೆ ಗೊತ್ತಿರುವವರಿಗೆ ಅಡುಗೆಯ ಪ್ರಶ್ನೆ, ತೋಟ ಮಾಡುವವರಿಗೆ ಗಿಡದ ಪ್ರಶ್ನೆ ಕೇಳಿದರೆ ಮಾತು ನಿಲ್ಲುವುದೇ ಇಲ್ಲ. ಭಯವೂ ಅಷ್ಟು ಕಡಿಮೆ.

ಕೊನೆಗೆ ಕಾಗದಗಳನ್ನೆಲ್ಲ ಹರಡಿಕೊಂಡು ಒಟ್ಟಿಗೆ ನೋಡುತ್ತೇವೆ, ಮನೆಯವರೂ ಇದ್ದರೆ ಒಳ್ಳೆಯದು. "ಕೇಳಿಸುತ್ತೆ, ಆದ್ರೆ ಅರ್ಥ ಆಗಲ್ಲ" ಅನ್ನುವವರಿಗೆ ಆಡಿಯೋಗ್ರಾಮ್‌ನ ಬಲಗಡೆ ಇಳಿಜಾರು ತೋರಿಸುತ್ತೇನೆ. ಸ, ಶ ಇಂಥ ಧ್ವನಿಗಳು ಹೆಚ್ಚು ಹರ್ಟ್ಸ್‌ನವು, ಅಲ್ಲೇ ಕೊರತೆ. ಮನೆಯವರು ಇನ್ನಷ್ಟು ಕೂಗಿದರೆ ಪ್ರಯೋಜನ ಕಡಿಮೆ, ಮುಖ ನೋಡಿ ನಿಧಾನವಾಗಿ ಆಡಿದರೆ ಜಾಸ್ತಿ ತಿಳಿಯುತ್ತದೆ. ಎರಡು ಕಿವಿಗಳ ನಡುವೆ ಕಾರಣ ಗೊತ್ತಾಗದ ವ್ಯತ್ಯಾಸ ಇದ್ದರೆ ನರದ ಮೇಲೆ ಗಡ್ಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಎಂಆರ್‌ಐಗೆ ಕಳಿಸಲು ಡಾಕ್ಟರಿಗೆ ಬರೆಯುತ್ತೇನೆ.

ಅಪಾಯಿಂಟ್‌ಮೆಂಟ್‌ಗೆ ಕಾಯಲೇಬಾರದ ಒಂದು ಸಂದರ್ಭ ಇದೆ. ಒಂದು ಕಿವಿ ಇದ್ದಕ್ಕಿದ್ದಂತೆ, ಮೂರು ದಿನದೊಳಗೆ, ಕೇಳಿಸದಂತಾದರೆ ಶೀತ ಇರಬೇಕು ಅಂತ ಮನೆಯಲ್ಲಿ ಕೂರಬಾರದು. ಒಳಕಿವಿಯ ಹಠಾತ್ ಕಿವುಡಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಆದಷ್ಟು ಬೇಗ, ಮೊದಲ 2 ವಾರದೊಳಗೆ, ಶುರುವಾಗಬೇಕು. ಅಂಥವರು ಚೀಟಿ ಇಲ್ಲದೆ ಬಾಗಿಲಿಗೆ ಬಂದರೂ ಸರದಿ ತಪ್ಪಿಸಿ ಮೊದಲು ಅವರನ್ನೇ ಒಳಗೆ ಕರೆಯುತ್ತೇನೆ. ಕಾಯುತ್ತಿರುವ ಉಳಿದವರಿಗೆ ಕಾರಣ ಹೇಳುತ್ತೇನೆ.