ಬಾರ್ಬೆಲ್ ಎತ್ತಿ ಡ್ರ್ಯಾಗ್ ಫ್ಲಿಕ್ ಕಲ್ತಿದ್ದು

"ವೇಟ್ ಎತ್ತಿದ್ರೆ ಮೈ ಬಿಗಿಯಾಗುತ್ತೆ ಕಣೋ, ಸ್ಟಿಕ್ ಟಚ್ ಹೋಗುತ್ತೆ" ಅಂತ ನಮ್ಮ ಒಕ್ಕದ (ಕೊಡವ ಮನೆತನದ) ಹಾಕಿ ಟೀಮಲ್ಲಿ ಎಲ್ರೂ ಅಂದ್ರು, ನಾನು ಡ್ರ್ಯಾಗ್ ಫ್ಲಿಕ್ಕಿಗೆ (ಬಾಲನ್ನ ಸ್ಟಿಕ್ಕಿಗೆ ಅಂಟಿಸಿ ಎಳೆದು ಗೋಲಿಗೆ ಎಸೆಯೋ ಹೊಡೆತ) ಬಲ ಬೇಕು ಅಂತ ಜಿಮ್ಮಿಗೆ ಹೊರಟಾಗ. 1997ರಲ್ಲಿ ಕೊಡಗಿನ ಕರಡದಲ್ಲಿ ಕೊಡವ ಒಕ್ಕಗಳ ಕೌಟುಂಬಿಕ ಹಾಕಿ ಟೂರ್ನಿ ಶುರುವಾದಾಗ್ಲೇ ಆಡಿದ ದೊಡ್ಡಪ್ಪ ಅಂತೂ "ಮೂಟೆ ಹೊತ್ರೆ ಫ್ಲಿಕ್ ಬರೋ ಹಾಗಿದ್ರೆ ನಮ್ ತೋಟದ ಆಳುಗಳ ಲೈನ್ ಮನೆಯಿಂದಾನೇ ಇಂಡಿಯಾ ಟೀಮ್ ಕಟ್ಬಹುದಿತ್ತು" ಅಂತ ನಕ್ಕಿದ್ರು. ಈ ಸಲ ನಾಲ್ಕು ಮ್ಯಾಚಲ್ಲಿ ಪೆನಾಲ್ಟಿ ಕಾರ್ನರಿಂದ ಐದು ಗೋಲು ನಂದೇ, ಈಗ ದೊಡ್ಡಪ್ಪ ಸುಮ್ನಿದಾರೆ.

ಆದ್ರೂ ಅವ್ರು ಅರ್ಧ ಸರಿ. ಮೊದಲ ವರ್ಷ ಟೌನ್ ಜಿಮ್ಮಿಗೆ ತಿಂಗಳಿಗೆ 1200, ಪೆಟ್ರೋಲಿಗೆ ಹೆಚ್ಚೂಕಮ್ಮಿ ಅಷ್ಟೇ, ಆರು ತಿಂಗಳಲ್ಲಿ ಹದಿನಾಲ್ಕು ಸಾವಿರ ಹೋಯ್ತು, ಸ್ಕ್ವಾಟ್ (ಭುಜದ ಮೇಲೆ ಬಾರ್ ಹೊತ್ತು ಕೂತು ಏಳೋದು) 40ರಿಂದ 90 ಕೆಜಿ ಆಯ್ತು, ಫ್ಲಿಕ್ ಮಾತ್ರ ಇದ್ದಲ್ಲೇ. ಶುರುವಿನ ವಾರಗಳಲ್ಲಿ ತೂಕ ಏರೋದು ಹೆಚ್ಚಾಗಿ ನರಗಳು ಪಳಗೋದ್ರಿಂದ, ಆದ್ರೆ ಅವು ಪಳಗೋದು ಸ್ಕ್ವಾಟಿಗೆ. ಮೇಲಿಂದ ನಾನು ಬೆಳಿಗ್ಗೆ ಕಾಲಿನ ವರ್ಕೌಟ್ ಮಾಡಿ ಸಂಜೆ ಫ್ಲಿಕ್ ಹೊಡೀತಿದ್ದೆ, ತೊಡೆ ನಡುಗಿ ಸೊಂಟ ಕೆಳಗೇ ಇಳೀತಿರ್ಲಿಲ್ಲ, ಬಾಲ್ ಸ್ಟಿಕ್ಕಿಗೆ ಅಂಟದೆ ಬಲಕ್ಕೆ ಜಾರೋದು. ಆ ತಪ್ಪು ಆಕ್ಷನ್ ಬಿಡೋಕೆ ಇನ್ನೊಂದು ತಿಂಗಳು ಬೇಕಾಯ್ತು.

ಆಮೇಲೆ ಮುಚ್ಚಿದ ಒಂದು ಜಿಮ್ಮಿಂದ ಹಳೇ ಬಾರು, ಪ್ಲೇಟು 9 ಸಾವಿರಕ್ಕೆ ತಂದು ಶೆಡ್ಡಲ್ಲಿಟ್ಟೆ. ಕ್ರಮ ತಿರುಗಿಸಿದೆ: ಮೈ ಫ್ರೆಶ್ ಇರುವಾಗ 25-30 ಫ್ಲಿಕ್, ಆಮೇಲೆ ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತೋದು) ಮೂರೇ ಮೂರು ರೆಪ್ಪಿನ ಐದು ಸೆಟ್, ಕೊನೆಗೆ ಮರಳು ತುಂಬಿದ ಹಳೇ ವಾಲಿಬಾಲನ್ನ ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯೋದು.

ಮಧ್ಯೆ ಒಂದು ಹುಚ್ಚು ಪ್ರಯೋಗ, ಸ್ಟಿಕ್ಕಿಗೆ ಸೈಕಲ್ ಟ್ಯೂಬಲ್ಲಿ ಮರಳು ತುಂಬಿ ಸುತ್ತಿ ಭಾರ ಮಾಡ್ದೆ. ಎರಡೇ ವಾರಕ್ಕೆ ಟೈಮಿಂಗ್ ಕೆಟ್ಟು ಬಿಚ್ಚಿ ಎಸೆದೆ. ಪ್ರೋಟೀನ್ ಡಬ್ಬಕ್ಕೂ ಮೂರು ಸಾವಿರ ದಂಡ, ಪಂದಿಕರಿ, ಮೊಟ್ಟೆ ಸಾಕಿತ್ತು.

ನಿಜವಾದ ಪಾಠ ಸಿಕ್ಕಿದ್ದು ಕಾಫಿ ಕೊಯ್ಲಲ್ಲಿ. ಕಣದ ತುಂಬ ಹಣ್ಣು ಹರವಿತ್ತು, ಆರು ವಾರ ಫ್ಲಿಕ್ಕಿಗೆ ಜಾಗವೇ ಇಲ್ಲ, ಬರೀ ವೇಟು. ಫೆಬ್ರವರಿಲಿ ಸ್ಟಿಕ್ ಹಿಡಿದ್ರೆ ಬಾಲೆಲ್ಲ ಗೋಲಿನ ಬದಲು ಕಟ್ಟಿದ್ದ ಟಾರ್ಪಾಲ್ ದಾಟಿ ತೋಟಕ್ಕೆ, ಎಂಟೋ ಹತ್ತೋ ಬಾಲ್ ಇನ್ನೂ ಕಾಫಿ ಬುಡದಲ್ಲೇ ಇದಾವೆ. ಬಲ ಬಂದಿತ್ತು, ಸೊಂಟ ಮುಂಚೆಗಿಂತ ಬೇಗ ತಿರುಗೋದು, ಕೈ ಹಳೇ ಲೆಕ್ಕದಲ್ಲೇ ಬಾಲ್ ಬಿಡೋದು. ದಿನಾ ಅರ್ಧ ಸ್ಪೀಡಲ್ಲಿ 20 ಹೊಡೆದು ಮೂರನೇ ವಾರಕ್ಕೆ ಹೊಂದಿಕೊಂಡ್ತು, ಆಮೇಲಿನ ವೇಗ ನಂಗೇ ಹೊಸದು. ಅದಕ್ಕೇ ಈಗ ಟೂರ್ನಿಗೆ ಒಂದು ತಿಂಗಳು ಇರುವಾಗ್ಲೇ ಭಾರ ಏರಿಸೋದು ನಿಲ್ಲಿಸ್ತೀನಿ.

ಕೊನೇ ಹೆಜ್ಜೆಲಿ ಎಡಗಾಲು ಬಾಲಿಂದ ಎಷ್ಟು ದೂರ ಊರ್ಬೇಕು ಅಂತ ತುಂಬ ಜನ ಕೇಳ್ತಿದಾರೆ. ಅದು ನಮ್ಮ ಒಕ್ಕದ ಹುಡುಗ್ರಿಗೆ ಮಾತ್ರ.