ಸಣ್ಣ ಎಂಜಿನ್ನಿನ ಕಾರು: ಆರಿಸುವುದು ಹೇಗೆ, ಓಡಿಸುವುದು ಹೇಗೆ?

ಘಾಟಿ ಹತ್ತುವ ಕಾರಿಗೆ ದೊಡ್ಡ ಎಂಜಿನ್ನೇ ಬೇಕು ಎಂಬುದು ನಮ್ಮ ಕರಾವಳಿಯಲ್ಲಿ ಬೇರೂರಿದ ನಂಬಿಕೆ. 1983ರಲ್ಲಿ ಬಂದ ಮಾರುತಿ 800 ಕಾರಿನದು 796 ಸಿಸಿಯ, ಮೂರೇ ಸಿಲಿಂಡರಿನ ಎಂಜಿನ್. ಆಗುಂಬೆಯ 14 ತಿರುವುಗಳನ್ನು ಅದೂ ಏದುಸಿರು ಬಿಡುತ್ತಲೇ ಹತ್ತಿದೆ. ಈಗಿನ ಹೊಸತೆಂದರೆ, ಒಂದು ಟನ್ನಿಗೂ ಹೆಚ್ಚು ತೂಗುವ ಎತ್ತರದ ಕಾರುಗಳಿಗೂ ಒಂದು ಲೀಟರಿನ (ಸಾವಿರ ಸಿಸಿಯ) ಆಸುಪಾಸಿನ ಎಂಜಿನ್ ಬರುತ್ತಿರುವುದು. ಇದಕ್ಕೆ ಇಂಧನದ ಉಳಿತಾಯವಷ್ಟೇ ಅಲ್ಲ, ತೆರಿಗೆಯೂ ಕಾರಣ. ನಾಲ್ಕು ಮೀಟರಿನೊಳಗಿನ ಉದ್ದದ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 18. ಆ ಗೆರೆ ದಾಟಿದ ಪೆಟ್ರೋಲ್ ಕಾರಿಗೆ ಶೇ 40.

ಕೊಳ್ಳಲು ಹೊರಟವರು ಮೊದಲು ಮಾಡಬೇಕಾದ ಕೆಲಸ, ಸಿಸಿಯನ್ನು ಬದಿಗಿಟ್ಟು ಟಾರ್ಕ್ (ತಿರುಗಿಸುವ ಬಲ) ಎಷ್ಟು, ಅದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಅಂದರೆ ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಎಂದು ನೋಡುವುದು. ಏರಿನಲ್ಲಿ ಕಾರನ್ನು ಎಳೆಯುವುದು ಟಾರ್ಕ್. ಹೋಂಡಾ ಸಿಟಿಯ ಒಂದೂವರೆ ಲೀಟರಿನ ಟರ್ಬೊ ಇಲ್ಲದ ಎಂಜಿನ್ 145 ನ್ಯೂಟನ್ ಮೀಟರ್ ಟಾರ್ಕ್ ಕೊಡಲು 4300 ಆರ್‌ಪಿಎಂವರೆಗೆ ಏರಬೇಕು. 2019ರಲ್ಲಿ ಬಂದ ಹುಂಡೈ ವೆನ್ಯೂವಿನ 998 ಸಿಸಿ ಟರ್ಬೊ ಎಂಜಿನ್ 1500ರಲ್ಲೇ 172 ಕೊಡುತ್ತದೆ. ಈ ಟರ್ಬೊದಲ್ಲಿ ಮಾಯವೇನೂ ಇಲ್ಲ. ಸೈಲೆನ್ಸರಿನಿಂದ ಸುಮ್ಮನೆ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದೇ ಅಕ್ಷದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ, ಗಾಳಿ ಹೆಚ್ಚಿದಷ್ಟು ಪೆಟ್ರೋಲನ್ನೂ ಹೆಚ್ಚು ಉರಿಸಬಹುದು. ಗುಟ್ಟು ಇರುವುದೂ ಇಲ್ಲೇ: ಹಗುರವಾಗಿ ಓಡಿಸುವಾಗ ಅದು ಸಣ್ಣ ಎಂಜಿನ್ನಿನಷ್ಟೇ ಕುಡಿಯುತ್ತದೆ, ಆಕ್ಸಿಲರೇಟರನ್ನು ಒತ್ತಿ ತುಳಿದರೆ ದೊಡ್ಡ ಎಂಜಿನ್ನಿನಷ್ಟು. ಮಂಗಳೂರಿನ ಹಂಪನಕಟ್ಟೆ, ಬಿಜೈ ಎಂದು ಊರೊಳಗೇ ಓಡಾಡುವವರಿಗೆ ಟರ್ಬೊ ಇಲ್ಲದ 1.2 ಲೀಟರಿನ ಎಂಜಿನ್ ಧಾರಾಳ ಸಾಕೆಂಬುದು ನನ್ನ ಅಭಿಪ್ರಾಯ.

ಮುಂದಿನದು ಟೆಸ್ಟ್ ಡ್ರೈವ್. ಷೋರೂಮಿನವರು ಸಾಮಾನ್ಯವಾಗಿ ಸಪಾಟಾದ ಚತುಷ್ಪಥದಲ್ಲಿ ಒಂದು ಸುತ್ತು ಹೊಡೆಸಿ ಕರೆತರುತ್ತಾರೆ. ಆ ಸುತ್ತಿನಿಂದ ತಿಳಿಯುವುದು ಸೀಟಿನ ಮೆತ್ತಗೆ ಮಾತ್ರ. ಮನೆಯ ನಾಲ್ವರನ್ನು ಕೂರಿಸಿಕೊಂಡು, ಎಸಿ ಹಾಕಿ, ಉಡುಪಿಯವರಾದರೆ ಇಂದ್ರಾಳಿಯಿಂದ ಮಣಿಪಾಲಕ್ಕೆ, ಮಂಗಳೂರಿನವರಾದರೆ ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಏರುವ ರಸ್ತೆಯಲ್ಲಿ ಓಡಿಸಿ ನೋಡಬೇಕು. ಏರಿನ ನಡುವೆ ವಾಹನಗಳ ಸಾಲಿನಲ್ಲಿ ನಿಂತು ಮತ್ತೆ ಹೊರಡುವಾಗ ಕಾರು ಕ್ಷಣಕಾಲ ತಡವರಿಸಿ, ಆಮೇಲೆ ಒಮ್ಮೆಲೇ ಮುನ್ನುಗ್ಗುತ್ತದೆಯೇ? ಅದೇ ಟರ್ಬೊ ಲ್ಯಾಗ್. ಅದು ನಿಮಗೆ ಒಗ್ಗುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ತಿಳಿಯಬೇಕು. ಇನ್ನೊಂದು ಸಣ್ಣ ಪರೀಕ್ಷೆ: ಎಂಜಿನ್ ಚಾಲೂ ಇಟ್ಟು ನಿಂತಿರುವಾಗ ಅರ್ಧ ತುಂಬಿದ ನೀರಿನ ಬಾಟಲಿಯನ್ನು ಕಪ್ ಹೋಲ್ಡರಿನಲ್ಲಿಡಿ. ಎಸಿಯ ಕಂಪ್ರೆಸರ್ ಟಕ್ಕೆಂದು ಶುರುವಾದೊಡನೆ ನೀರಿನ ಮೇಲ್ಮೈ ಎಷ್ಟು ನಡುಗುತ್ತದೆಂದು ನೋಡಿದರೆ ಮೂರು ಸಿಲಿಂಡರಿನ ಎಂಜಿನ್ನಾದರೆ ಅದರ ಕಂಪನ ಕಣ್ಣಿಗೇ ಕಾಣುತ್ತದೆ.

ಕಾರು ಮನೆಗೆ ಬಂದ ಮೇಲೆ ಮೈಲೇಜನ್ನು ನೀವೇ ಅಳೆಯಿರಿ. ಜಾಹೀರಾತಿನ ಅಂಕಿಯು ಪ್ರಯೋಗಾಲಯದಲ್ಲಿ ರೋಲರಿನ ಮೇಲೆ ಚಕ್ರ ತಿರುಗಿಸಿ ಪಡೆದದ್ದು. ಅಲ್ಲಿ ಆಷಾಢದ ಮಳೆಯಿಲ್ಲ, ನಂತೂರು ವೃತ್ತದ ಕಾಯುವಿಕೆಯೂ ಇಲ್ಲ. ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಕನಿಷ್ಠ ಮುನ್ನೂರು ಕಿಲೋಮೀಟರ್ ಓಡಿಸಿದ ಬಳಿಕ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಕಟ್ ಆಗುವವರೆಗೆ ತುಂಬಿಸಿ. 396 ಕಿಲೋಮೀಟರಿಗೆ 26.4 ಲೀಟರ್ ಹಿಡಿದರೆ ಮೈಲೇಜ್ 15. ಹುಡುಗ ‘ರೌಂಡ್ ಫಿಗರ್ ಮಾಡ್ಲಾ ಸರ್’ ಎಂದರೆ ಬೇಡವೆನ್ನಿ, ಲೆಕ್ಕ ಕೆಡುವುದು ಅಲ್ಲೇ. ಒಂದೇ ಸಲ ಅಳೆದು ನಿರ್ಧರಿಸದೆ ಮೂರು ಸಲದ ಸರಾಸರಿ ತೆಗೆಯುವುದು ಲೇಸು. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್ ಬೆರೆತಿರುತ್ತದೆ. ಒಂದು ಲೀಟರ್ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆಯಾದ್ದರಿಂದ ಮೈಲೇಜ್ ತುಸು ಇಳಿಯುವುದು ಸಹಜ.

ಓಡಿಸುವಾಗ ನಮ್ಮವರು ಮಾಡುವ ದೊಡ್ಡ ತಪ್ಪು, ಪೆಟ್ರೋಲ್ ಉಳಿಸಲೆಂದು ಏರಿನಲ್ಲೂ ಮೇಲಿನ ಗೇರಿನಲ್ಲೇ ಎಳೆಸುವುದು. ಎಂಜಿನ್ ಗುಡುಗುಟ್ಟಿ ನಡುಗಿದರೆ ಕೂಡಲೇ ಗೇರ್ ಇಳಿಸಬೇಕು, ಏಕೆಂದರೆ ಕಡಿಮೆ ಆರ್‌ಪಿಎಂನಲ್ಲಿ ಭಾರ ಬಿದ್ದರೆ ಟರ್ಬೊ ಎಂಜಿನ್ನಿನಲ್ಲಿ ಇಂಧನ ಹೊತ್ತಿಗೆ ಮೊದಲೇ ಉರಿದು ಪಿಸ್ಟನ್ನಿಗೆ ಪೆಟ್ಟು ಬೀಳಬಹುದು. ಶಿರಾಡಿ ಹತ್ತಿ ಚಹಾಕ್ಕೆ ನಿಲ್ಲಿಸಿದಾಗಲೂ ಒಂದು ನಿಮಿಷ ಎಂಜಿನ್ ಚಾಲೂ ಇಟ್ಟು ಆಮೇಲೆ ಆರಿಸಿ. ಕಾದ ಟರ್ಬೊದಲ್ಲಿ ಆಯಿಲ್ ಹರಿಯದೆ ನಿಂತರೆ ಅಲ್ಲೇ ಸುಟ್ಟು ಕರಿಕಟ್ಟುತ್ತದೆ. ಆಯಿಲಿನ ಗ್ರೇಡ್ ಕೈಪಿಡಿಯಲ್ಲಿ ಬರೆದಿರುವುದೇ ಇರಲಿ, ಅಗ್ಗದ್ದು ಬೇಡ. ಬಹುತೇಕ ಪೆಟ್ರೋಲ್ ಕಾರುಗಳಿಗೆ ಆಯಿಲ್ ಬದಲಿಸುವ ಅವಧಿ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷಕ್ಕೆ ನಾಲ್ಕು ಸಾವಿರವೂ ಓಡದ ಕಾರಿನವರು ಕಿಲೋಮೀಟರ್ ನೋಡುತ್ತಾ ಕೂರದೆ ತಾರೀಕು ನೋಡಿ ಬದಲಿಸಬೇಕು.