ತಂತಿಯೋ ಗಾಳಿಯೋ: ಅಪ್ಪನ ಕೋಣೆಯ ಟಿವಿಗೆ ಸಿನಿಮಾ ತಲುಪಿಸಿದ್ದು ಹೀಗೆ

ಅಪ್ಪನ ಕೋಣೆ ಮಹಡಿಯ ಮೇಲೆ, ಹಿಂದಿನ ಮೂಲೆಯಲ್ಲಿ. ರೌಟರ್ ಇರುವುದು ಕೆಳಗೆ, ಮುಂಬಾಗಿಲ ಪಕ್ಕ. ನಡುವೆ ಒಂದು ಕಾಂಕ್ರೀಟ್ ತಾರಸಿ, ದಪ್ಪನೆಯ ಎರಡು ಗೋಡೆ. ರಾತ್ರಿ ಅವರು ಹಳೆಯ ಸಿನಿಮಾ ಹಾಕಿಕೊಂಡು ಕೂತರೆ ಹತ್ತು ನಿಮಿಷಕ್ಕೊಮ್ಮೆ ಚಿತ್ರ ನಿಂತು, ಪರದೆ ನಡುವೆ ಆ ಚಕ್ರ ತಿರುಗಲು ಶುರುವಾಗುತ್ತಿತ್ತು. ಅವರು ದೂರು ಹೇಳುವವರೇ ಅಲ್ಲ. ಎರಡು ಸಲ ಕಾದು ನೋಡುತ್ತಿದ್ದರು, ಮೂರನೇ ಸಲಕ್ಕೆ ಸುಮ್ನೆ ಟಿವಿ ಆರಿಸಿ ಮಲಗಿಬಿಡುತ್ತಿದ್ದರು. ಅದನ್ನು ನೋಡಿ ನೋಡಿ ತಡೆಯಲಾಗದೆ, ಇದನ್ನು ಸರಿ ಮಾಡಿಯೇ ತೀರಬೇಕು ಅಂತ ಕೂತೆ. ಸುಮಾರು ಒಂದೂವರೆ ವರ್ಷ ಹಿಡಿಯಿತು. ವೈಫೈ, ಕರೆಂಟ್ ತಂತಿ, ಹಳೆಯ ಟಿವಿ ಕೇಬಲ್, ಈಥರ್ನೆಟ್ (ನೆಟ್‌ವರ್ಕಿಗೆಂದೇ ಇರುವ ತಂತಿ), ಎಲ್ಲವನ್ನೂ ಒಂದೊಂದಾಗಿ ಹಾಕಿ, ಬಿಚ್ಚಿ, ಮತ್ತೆ ಹಾಕಿದ್ದೇನೆ. ನಿಮ್ಮ ಮನೆಯಲ್ಲೂ ಇದೇ ಗೋಳಿದ್ದರೆ ಸ್ವಲ್ಪವಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಇಂಟರ್ನೆಟ್ ಪ್ಲಾನ್ ಬದಲಾಯಿಸಿದ್ದು. ಜಾಸ್ತಿ ಸ್ಪೀಡ್ ಬಂತು, ಚಕ್ರ ಮಾತ್ರ ನಿಲ್ಲಲಿಲ್ಲ. ಆಮೇಲೆ ಹೊಳೆಯಿತು: ಅಪ್ಪ ನೋಡುವ ಸಿನಿಮಾಗಳಲ್ಲಿ ಅರ್ಧಕ್ಕರ್ಧ ಇಂಟರ್ನೆಟ್ಟಿನಿಂದ ಬರುವುದೇ ಇಲ್ಲ. ನಮ್ಮದೇ ಡಿಸ್ಕುಗಳಿಂದ, ಹಳೆಯ ಕ್ಯಾಮೆರಾ ಟೇಪುಗಳಿಂದ ಇಳಿಸಿಟ್ಟ ಫೈಲುಗಳು ಕೆಳಗಿನ ಕೋಣೆಯ ಪುಟ್ಟ ಕಂಪ್ಯೂಟರಿನಲ್ಲಿವೆ. ಅದೇ ನಮ್ಮ ಸರ್ವರ್. ಅಲ್ಲಿಂದ ಮೇಲಿನ ಟಿವಿಗೆ ಹೋಗುವ ದಾರಿ ಪೂರ್ತಿ ಮನೆಯೊಳಗೇ ಇದೆ. ಆ ಒಳದಾರಿ ಹದಗೆಟ್ಟಿದ್ದರೆ ಹೊರಗಿನ ಸ್ಪೀಡ್ ಎಷ್ಟಿದ್ದರೇನು, ಅಲ್ವಾ?

ಒಳದಾರಿಯನ್ನೇ ಅಳೆಯಲು ಐಪರ್ಫ್3 ಅನ್ನುವ ಉಚಿತ ಪ್ರೋಗ್ರಾಂ ಇದೆ. ಒಂದು ತುದಿಯನ್ನು ಸರ್ವರಿನಲ್ಲಿ, ಇನ್ನೊಂದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ, ಲ್ಯಾಪ್‌ಟಾಪನ್ನು ಅಪ್ಪನ ಟಿವಿ ಪಕ್ಕದಲ್ಲೇ ಇಟ್ಟು ಅರ್ಧ ಗಂಟೆ ಓಡಿಸಿದೆ. ಸರಾಸರಿ 60 ಎಂಬಿಪಿಎಸ್ ಬಂತು, ಅಂದರೆ ಸೆಕೆಂಡಿಗೆ 60 ಮೆಗಾಬಿಟ್ ಡೇಟಾ. ಡಿವಿಡಿಗೆ ಅತಿ ಹೆಚ್ಚೆಂದರೆ 10 ಎಂಬಿಪಿಎಸ್ ಬೇಕು. ಬ್ಲೂರೇ ಡಿಸ್ಕಿನ ಚಿತ್ರ 40ರವರೆಗೆ ಹೋಗುತ್ತದೆ. ಸ್ಟ್ರೀಮಿಂಗ್ ಸೇವೆಗಳ 4ಕೆ ಸಾಮಾನ್ಯವಾಗಿ 15ರಿಂದ 25ರಲ್ಲಿ ಮುಗಿಯುತ್ತದೆ. 4ಕೆ ಡಿಸ್ಕಿನಿಂದ ಇಳಿಸಿದ ಫೈಲಾದರೆ ಕೆಲವು ದೃಶ್ಯಗಳಲ್ಲಿ 100 ದಾಟುವುದೂ ಉಂಟು. ಅಪ್ಪ ನೋಡುತ್ತಿದ್ದ ಹಳೆಯ ಸಿನಿಮಾಗಳಿಗೆ 60 ಧಾರಾಳವಾಗಿ ಸಾಕಿತ್ತು. ಆದರೆ ಸರಾಸರಿ ಬಿಟ್ಟು ಒಂದೊಂದು ಸೆಕೆಂಡಿನ ಸಾಲು ನೋಡಿದಾಗ ನಿಜ ಗೊತ್ತಾಯಿತು. 70, 75, 68, ಇದ್ದಕ್ಕಿದ್ದ ಹಾಗೆ 3, 0, 2, ಮತ್ತೆ 70. ಟಿವಿ ಮುಂಚಿತವಾಗಿ ತುಂಬಿಸಿಟ್ಟುಕೊಂಡಿರುವ ಬಫರ್ ಸಣ್ಣದು. ಇಂಥ ಗುಂಡಿಗಳು ಬೆನ್ನುಬೆನ್ನಿಗೆ ಎರಡು ಮೂರು ಬಂದರೆ ಅದು ಖಾಲಿಯಾಗುತ್ತದೆ, ಚಕ್ರ ತಿರುಗುತ್ತದೆ. ಅವತ್ತಿನಿಂದ ಪೆಟ್ಟಿಗೆ ಮೇಲಿನ ದೊಡ್ಡ ಅಂಕಿ ನೋಡುವುದನ್ನೇ ಬಿಟ್ಟೆ. ಯಾವ ತಂತ್ರಜ್ಞಾನ ಹಾಕಿದರೂ ನಾನು ಕೇಳಿದ ಪ್ರಶ್ನೆ ಒಂದೇ: ಅರ್ಧ ಗಂಟೆಯಲ್ಲಿ ಇದರ ಅತಿ ಕೆಟ್ಟ ಐದು ಸೆಕೆಂಡು ಹೇಗಿದೆ?

ವೈಫೈಯನ್ನು ಸುಲಭವಾಗಿ ಕೈಬಿಡಲಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಕ್ಕಪಕ್ಕದ ರೌಟರುಗಳೆಲ್ಲ ಆ ಮೂರರಲ್ಲೇ ಕಿಕ್ಕಿರಿದಿದ್ದವು. ಮೈಕ್ರೊವೇವ್ ಕೂಡ ಅದೇ ತರಂಗಗಳ ಮೇಲೆ ನಡೆಯುತ್ತದೆ, ಅದನ್ನು ಹಾಕಿದಾಗಲೆಲ್ಲ ಹರಿವು ಕುಸಿಯುತ್ತಿತ್ತು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಅದು ಕಾಂಕ್ರೀಟ್ ದಾಟಲು ಒದ್ದಾಡುತ್ತದೆ. ಅಲ್ಲಿ ಇನ್ನೊಂದು ತೊಂದರೆಯೂ ಸಿಕ್ಕಿತು. ವಾರದಲ್ಲಿ ಒಂದೆರಡು ಸಲ ವೈಫೈ ಪೂರ್ತಿ ಒಂದು ನಿಮಿಷ ಮಾಯವಾಗುತ್ತಿತ್ತು, ಯಾಕೆ ಅಂತ ತಿಳಿಯದೆ ತಲೆ ಕೆಟ್ಟುಹೋಗಿತ್ತು. ಕೊನೆಗೆ ರೌಟರಿನ ಲಾಗ್ ತೆಗೆದು ಓದಿದೆ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ಹವಾಮಾನ ರೇಡಾರ್‌ಗಳೂ ಬಳಸುತ್ತವೆ. ರೇಡಾರಿನ ಸುಳಿವು ಸಿಕ್ಕರೆ ರೌಟರ್ ಜಾಗ ಬಿಟ್ಟುಕೊಡಲೇಬೇಕು. ಅಂಥದ್ದೇ ಇನ್ನೊಂದು ಚಾನೆಲ್‌ಗೆ ಹೋದರೆ ಅಲ್ಲಿ 60 ಸೆಕೆಂಡು ಸುಮ್ಮನೆ ಕಿವಿಗೊಟ್ಟು, ಯಾವ ರೇಡಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಮಾತು ಶುರು ಮಾಡಬೇಕು. ಚಾನೆಲ್ 36ಕ್ಕೆ ಕಟ್ಟಿಹಾಕಿದೆ, ಆ ಕಾಟ ಹೋಯಿತು. ಆಮೇಲೆ ಮೆಟ್ಟಿಲ ಬಳಿ ಒಂದು ರಿಪೀಟರ್ ಇಟ್ಟೆ. ಅದರಲ್ಲಿದ್ದದ್ದು ಒಂದೇ ರೇಡಿಯೊ. ಕೆಳಗಿನಿಂದ ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಮೇಲಕ್ಕೆ ಹೇಳಬೇಕು, ಹಾಗಾಗಿ ಸ್ಪೀಡ್ ಅರ್ಧಕ್ಕೆ ಇಳಿಯಿತು. ಗುಂಡಿಗಳು ಹಾಗೇ ಉಳಿದವು.

ವೈಫೈಯ ಗುಣವೇ ಹಾಗೆ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಮೂಲೆಯಲ್ಲಿರುವ ಹಳೆಯ ಟ್ಯಾಬ್ಲೆಟ್ ನಿಧಾನವಾಗಿ ಮಾತಾಡುತ್ತಿದ್ದರೆ ಅದು ಮುಗಿಸುವವರೆಗೂ ಟಿವಿ ಕಾಯಬೇಕು.

ಮುಂದಿನದು ಕರೆಂಟ್ ತಂತಿ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಒಂದು ಜೊತೆ ಅಡಾಪ್ಟರ್ ತಂದೆ. ಮನೆಯ ವೈರಿಂಗನ್ನೇ ನೆಟ್‌ವರ್ಕ್ ಮಾಡಿಕೊಳ್ಳುವ ಯೋಚನೆ ಇದು. ಹೋಮ್‌ಪ್ಲಗ್ ಗುಂಪಿನ 2001ರ ಮೊದಲ ಮಾನದಂಡದಲ್ಲಿ 14 ಎಂಬಿಪಿಎಸ್ ಅಷ್ಟೇ ಇತ್ತು, 2005ರಲ್ಲಿ ಬಂದ ಹೋಮ್‌ಪ್ಲಗ್ ಎವಿ ಅದನ್ನು 200ಕ್ಕೆ ಏರಿಸಿತು, ಆಮೇಲೆ ಇನ್ನೂ ಮೇಲೆ ಹೋಯಿತು. ಹೊಸ ತಂತಿ ಎಳೆಯಬೇಕಿಲ್ಲ, ಗೋಡೆ ಕೊರೆಯಬೇಕಿಲ್ಲ. ಎರಡು ನಿಮಿಷದಲ್ಲಿ ಜೋಡಿಸಿ ಅಳೆದೆ. 11 ಎಂಬಿಪಿಎಸ್! ಪೆಟ್ಟಿಗೆ ಮೇಲೆ ಸಾವಿರಕ್ಕಿಂತ ದೊಡ್ಡ ಅಂಕಿ.

ಇಲ್ಲಿ ನಾನು ತುಂಬಾ ಕಲಿತೆ. ಕೆಳಗಿನ ಅಡಾಪ್ಟರನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದ್ದೆ, ಅದರಲ್ಲಿ ಸರ್ಜ್ ರಕ್ಷಣೆ ಇತ್ತು. ಕರೆಂಟಿನ ಏರಿಳಿತ ತಡೆಯಲು ಇಟ್ಟಿರುವ ಆ ಫಿಲ್ಟರ್ ನಮ್ಮ ಸಿಗ್ನಲನ್ನೂ ಕಸ ಅಂತಲೇ ನುಂಗಿಬಿಡುತ್ತದೆ. ನೇರವಾಗಿ ಗೋಡೆಗೆ ಸಿಕ್ಕಿಸಿದರೆ 55 ಬಂತು. ಅಕ್ಕಪಕ್ಕದ ಸಾಕೆಟ್ಟುಗಳೆರಡರಲ್ಲೇ ಅಜಗಜಾಂತರ ವ್ಯತ್ಯಾಸ ಬರಬಹುದು, ಯಾಕೆಂದರೆ ಗೋಡೆಯೊಳಗೆ ಅವು ಬೇರೆ ಬೇರೆ ದಾರಿ ಹಿಡಿದಿರಬಹುದು. ಮೂರು ಫೇಸ್ ಇರುವ ಮನೆಯಲ್ಲಿ ಎರಡು ಕೋಣೆ ಬೇರೆ ಬೇರೆ ಫೇಸ್ ಮೇಲಿದ್ದರೆ ಸಿಗ್ನಲ್ ಇನ್ನೂ ಕುಗ್ಗುತ್ತದೆ. ನಾನು ಮೂರು ದಿನ ಒಂದೊಂದೇ ಸಾಕೆಟ್ ಅಳೆದು ಕಾಗದದಲ್ಲಿ ಬರೆದಿಟ್ಟುಕೊಂಡೆ. ಅತಿ ಒಳ್ಳೆಯ ಜೋಡಿಯಲ್ಲಿ 90 ಸಿಕ್ಕಿತು. ಅಗ್ಗದ ಮೊಬೈಲ್ ಚಾರ್ಜರ್ ಅದೇ ಸಾಲಿಗೆ ಹಾಕಿದರೆ 60ಕ್ಕೆ ಇಳಿಯುತ್ತಿತ್ತು. ನೀರಿನ ಪಂಪ್ ಶುರುವಾದ ಕ್ಷಣ ಒಂದೆರಡು ಸೆಕೆಂಡು ಸೊನ್ನೆ. ಇದರ ಜೊತೆಗೆ, ನಾನು ರಾತ್ರಿ ಕೇಳುವ ಶಾರ್ಟ್‌ವೇವ್ ರೇಡಿಯೊದಲ್ಲಿ ಗರಗರ ಸದ್ದು ಶುರುವಾಯಿತು. ಈ ಅಡಾಪ್ಟರುಗಳು 2 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಕೆಲಸ ಮಾಡುತ್ತವೆ, ಶಾರ್ಟ್‌ವೇವ್ ಇರುವುದೂ ಅಲ್ಲೇ, ಮನೆಯ ವೈರಿಂಗ್ ಪೂರ್ತಿ ಒಂದು ಆಂಟೆನಾ ಆಗಿಬಿಡುತ್ತದೆ. ಇಷ್ಟೆಲ್ಲ ಇದ್ದರೂ ಎಂಟು ತಿಂಗಳು ಇದರಲ್ಲೇ ನಡೆಸಿದೆವು. ವೈಫೈಗಿಂತ ಖಂಡಿತ ವಾಸಿಯಿತ್ತು. ಬಾಡಿಗೆ ಮನೆಯಲ್ಲಿರುವವರಿಗೆ, ಗೋಡೆ ಮುಟ್ಟಲಾಗದವರಿಗೆ ನಾನು ಇದನ್ನು ಈಗಲೂ ಹೇಳುತ್ತೇನೆ. ತಂದ ಮೇಲೆ ಜೋಡಿಸುವ ಬಟನ್ ಒತ್ತಿ ನಿಮ್ಮದೇ ಗುಪ್ತ ಕೀಲಿ ಹಾಕಿಕೊಳ್ಳಿ, ಸಿಗ್ನಲ್ ಪಕ್ಕದ ಮನೆಗೂ ಹರಿದು ಹೋಗಬಹುದು.

ಹಳೆಯ ಟಿವಿ ಕೇಬಲ್ ಕಣ್ಣಿಗೆ ಬಿದ್ದದ್ದು ಅಕಸ್ಮಾತ್ತಾಗಿ. ಮೇಲಿನ ಹಾಲಿನಲ್ಲಿ ಕಪಾಟು ಸರಿಸಿದಾಗ ಗೋಡೆಯಿಂದ ಕಪ್ಪು ಕೋಆಕ್ಸಿಯಲ್ ಕೇಬಲ್ಲಿನ ತುದಿ ಹೊರಗೆ ಇಣುಕುತ್ತಿತ್ತು. ವರ್ಷಗಳಿಂದ ಯಾರೂ ಬಳಸಿರಲಿಲ್ಲ. ಇನ್ನೊಂದು ತುದಿ ಕೆಳಗೆ ಸರ್ವರ್ ಇರುವ ಕೋಣೆಯಲ್ಲೇ ಇತ್ತು. ಆ ಕೇಬಲ್ ಮೇಲೆ ನೆಟ್‌ವರ್ಕ್ ಓಡಿಸುವ ಮಾನದಂಡಕ್ಕೆ ಮೋಕಾ ಅನ್ನುತ್ತಾರೆ, ಅದರ ಒಕ್ಕೂಟ ಶುರುವಾದದ್ದು 2004ರಲ್ಲಿ. ಎರಡು ಅಡಾಪ್ಟರ್ ಹಾಕಿದೆ, ಮೊದಲ ದಿನ ಸಿಗ್ನಲ್ಲೇ ಇಲ್ಲ. ದಾರಿಯಲ್ಲಿ ಎಲ್ಲೋ ಒಂದು ಹಳೆಯ ಸ್ಪ್ಲಿಟರ್ (ಒಂದು ಕೇಬಲ್ಲನ್ನು ಕವಲಾಗಿಸುವ ತುಂಡು) ಇರಬೇಕು ಅಂತ ಹುಡುಕುತ್ತಾ ಹೋದರೆ ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿ ಸಿಕ್ಕಿತು. ಅದರ ಮೇಲೆ 5ರಿಂದ 900 ಮೆಗಾಹರ್ಟ್ಸ್ ಅಂತ ಬರೆದಿತ್ತು. ಮೋಕಾ ಸಾಮಾನ್ಯವಾಗಿ 1125ರಿಂದ 1675ರ ನಡುವೆ ಓಡುತ್ತದೆ! ಸ್ಪ್ಲಿಟರ್ ಕಿತ್ತು ಎರಡು ತುದಿಗಳನ್ನು ನೇರವಾಗಿ ಸೇರಿಸಿದೆ. 930 ಎಂಬಿಪಿಎಸ್ ಬಂತು, ಅಂದರೆ ಅಡಾಪ್ಟರಿನ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಕೊಡಬಹುದಾದಷ್ಟೂ ಬಂತು. ಅರ್ಧ ಗಂಟೆ ಓಡಿಸಿದರೂ ಒಂದು ಗುಂಡಿಯಿಲ್ಲ. ಪಂಪ್ ಹಾಕಿ ನೋಡಿದೆ, ಮೈಕ್ರೊವೇವ್ ಹಾಕಿ ನೋಡಿದೆ, ಅಂಕಿ ಅಲುಗಾಡಲಿಲ್ಲ. ಆ ಖುಷಿಯನ್ನು ಹೇಗೆ ಹೇಳಲಿ! ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಡಿಶ್ ಆಂಟೆನಾದ ಸಿಗ್ನಲ್ ಕೇಬಲ್ಲಿನಲ್ಲಿ 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ ಇಳಿಯುತ್ತದೆ. ಅದೇ ಕೇಬಲ್ಲಿಗೆ ಮೋಕಾ ಹಾಕಿದರೆ ಎರಡೂ ಹೊಡೆದಾಡಿಕೊಳ್ಳುತ್ತವೆ. ನಮ್ಮದು ಖಾಲಿ ಕೇಬಲ್ ಆಗಿದ್ದರಿಂದ ಬದುಕಿಕೊಂಡೆ.

ಮೇಲಿನ ಹಾಲಿನಿಂದ ಅಪ್ಪನ ಕೋಣೆಗೆ 12 ಮೀಟರ್. ಗೋಡೆಯ ಬುಡದಲ್ಲಿ ಪಟ್ಟಿ ಹೊಡೆದು ಕ್ಯಾಟ್ 6 ಈಥರ್ನೆಟ್ ಕೇಬಲ್ ಎಳೆದೆ, ತುದಿಗಳಿಗೆ ಪ್ಲಗ್ ಒತ್ತಿ ಕೂರಿಸುವ ಕ್ರಿಂಪ್ ಕೆಲಸವನ್ನೂ ನಾನೇ ಮಾಡಿದೆ. ಅಳೆದರೆ ಸರಿಯಾಗಿ 94 ಎಂಬಿಪಿಎಸ್. ಈ 94 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ. ಎಲ್ಲೇ ಅದು ಕಂಡರೂ ದಾರಿಯಲ್ಲಿ ಯಾವುದೋ ಒಂದು ಕಡೆ ಸಂಪರ್ಕ ಗಿಗಾಬಿಟ್ ಆಗದೆ 100ಕ್ಕೆ ಇಳಿದಿದೆ ಅಂತ ಅರ್ಥ. 100 ಎಂಬಿಪಿಎಸ್‌ಗೆ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡು ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನನ್ನ ಕ್ರಿಂಪಿನಲ್ಲಿ ಕಂದು ತಂತಿ ತುದಿಯವರೆಗೆ ಹೋಗಿರಲಿಲ್ಲ. ಕತ್ತರಿಸಿ ಮತ್ತೆ ಮಾಡಿದೆ, ಸರಿಹೋಯಿತು. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ತನ್ನಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದರೆ ಒಳಗೇ ಮುರಿಯುತ್ತದೆ.

ಆದರೂ ಒಂದು 4ಕೆ ಫೈಲ್ ತಡವರಿಸುತ್ತಿತ್ತು. ದಾರಿಯೆಲ್ಲ ಗಿಗಾಬಿಟ್, ಹಾಗಾದರೆ ಇನ್ನೇನು? ಟಿವಿಯ ಹಿಂದಿನ ಈಥರ್ನೆಟ್ ಪೋರ್ಟೇ 100 ಎಂಬಿಪಿಎಸ್‌ನದು. ಎಷ್ಟೋ ಟಿವಿಗಳಲ್ಲಿ ಹೀಗೇ ಇರುತ್ತದೆ, ವಿವರಗಳ ಹಾಳೆಯಲ್ಲಿ ಹುಡುಕಿದರೆ ಮಾತ್ರ ಕಾಣುತ್ತದೆ. ಗಿಗಾಬಿಟ್ ಪೋರ್ಟ್ ಇರುವ ಚಿಕ್ಕ ಪ್ಲೇಯರ್ ಒಂದನ್ನು ಎಚ್‌ಡಿಎಂಐಗೆ ಸಿಕ್ಕಿಸಿದೆ, ಟಿವಿಯನ್ನು ಬರೀ ಪರದೆ ಮಾಡಿದೆ.

ಇನ್ನು ಸಾಫ್ಟ್‌ವೇರ್. ನೆಟ್‌ವರ್ಕ್ ಪೂರ್ತಿ ಸರಿಯಾದ ಮೇಲೂ ಒಂದು ರಾತ್ರಿ ಚಕ್ರ ತಿರುಗಿತು, ನನ್ನ ಎದೆ ಧಸಕ್ಕೆಂದಿತು. ಐಪರ್ಫ್ ಓಡಿಸಿದರೆ 930. ಸರ್ವರ್ ನೋಡಿದರೆ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ. ಅಪ್ಪ ಅವತ್ತು ಸಬ್‌ಟೈಟಲ್ ಹಾಕಿಕೊಂಡಿದ್ದರು. ಡಿಸ್ಕಿನಿಂದ ಬಂದ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಪ್ಲೇಯರ್‌ಗೆ ಅವನ್ನು ತೋರಿಸಲು ಬಾರದಿದ್ದರೆ ಸರ್ವರ್ ಪ್ರತಿ ಫ್ರೇಮಿನ ಮೇಲೂ ಅವನ್ನು ಅಚ್ಚೊತ್ತಿ, ಇಡೀ ವಿಡಿಯೊವನ್ನು ಹೊಸದಾಗಿ ಎನ್‌ಕೋಡ್ ಮಾಡಿ ಕಳಿಸಬೇಕು. ಆ ಪುಟ್ಟ ಕಂಪ್ಯೂಟರಿಗೆ ಅದು ಮೀರಿದ ಹೊರೆ. ಅಕ್ಷರ ರೂಪದ ಸಬ್‌ಟೈಟಲ್ ಫೈಲುಗಳನ್ನು ಪಕ್ಕದಲ್ಲಿಟ್ಟ ಮೇಲೆ ಫೈಲ್ ಇದ್ದ ಹಾಗೇ ಹೋಗತೊಡಗಿತು. ಡಿಟಿಎಸ್ ಅನ್ನುವ ಬಗೆಯ ಧ್ವನಿ ಟಿವಿಗೆ ಅರ್ಥವಾಗದಿದ್ದರೂ ಇಂಥದ್ದೇ ಪರಿವರ್ತನೆ ನಡೆಯುತ್ತದೆ, ಆದರೆ ಧ್ವನಿಯದಷ್ಟೇ ಆದ್ದರಿಂದ ಹೊರೆ ಕಡಿಮೆ. ಸರ್ವರಿನ ಸಿನಿಮಾಗಳನ್ನು ಟಿವಿಯಲ್ಲಿ ತೋರಿಸಲು ನಾನು ಮೊದಲು ಡಿಎಲ್‌ಎನ್‌ಎ ಅನ್ನುವ ಮಾನದಂಡ ಬಳಸುತ್ತಿದ್ದೆ. 2003ರಲ್ಲಿ ಶುರುವಾದ ಅದರ ಒಕ್ಕೂಟ 2017ರಲ್ಲಿ ಮುಚ್ಚಿತು, ಮಾನದಂಡ ಮಾತ್ರ ಟಿವಿಗಳಲ್ಲಿ ಇನ್ನೂ ಉಸಿರಾಡುತ್ತಿದೆ. ಪಟ್ಟಿಯಲ್ಲಿ ಸಿನಿಮಾ ಕಾಣುತ್ತದೆ, ಒತ್ತಿದರೆ ಫೈಲ್ ತೆರೆಯುವುದಿಲ್ಲ, ಯಾಕೆ ಅಂತಲೂ ಹೇಳುವುದಿಲ್ಲ. ಈಗ ಅದೇ ಕೆಲಸಕ್ಕೆ ಜೆಲ್ಲಿಫಿನ್ ಅನ್ನುವ ಪ್ರೋಗ್ರಾಂ ಬಳಸುತ್ತಿದ್ದೇನೆ. ಯಾವ ಫೈಲ್ ಇದ್ದ ಹಾಗೇ ಹೋಗುತ್ತಿದೆ, ಯಾವುದು ಪರಿವರ್ತನೆಯಾಗುತ್ತಿದೆ, ಕಾರಣ ಏನು ಅಂತ ಅದು ತೋರಿಸುತ್ತದೆ. ಅದೊಂದಕ್ಕೇ ನಾನು ಅದನ್ನು ಮೆಚ್ಚಿಕೊಂಡೆ.

ಫೋನಿನಿಂದ ಟಿವಿಗೆ ಕಳಿಸುವ ವಿಷಯ ಚುಟುಕಾಗಿ ಹೇಳುತ್ತೇನೆ. ಮಿರಾಕಾಸ್ಟ್ ಫೋನಿನ ಇಡೀ ಪರದೆಯನ್ನೇ ವಿಡಿಯೊ ಮಾಡಿ ಗಾಳಿಯಲ್ಲಿ ಕಳಿಸುತ್ತದೆ, ಫೋನ್ ಬಿಸಿಯಾಗುತ್ತದೆ, ಚಿತ್ರ ಹಿಂದೆ ಬೀಳುತ್ತದೆ. 2013ರಲ್ಲಿ ಬಂದ ಕ್ರೋಮ್‌ಕಾಸ್ಟ್‌ನ ದಾರಿ ಬೇರೆ. ಆ್ಯಪಿನಲ್ಲಿ ಕಾಸ್ಟ್ ಒತ್ತಿದರೆ ಫೋನ್ ವಿಳಾಸ ಮಾತ್ರ ಕೊಟ್ಟು ಬದಿಗೆ ಸರಿಯುತ್ತದೆ, ಟಿವಿ ಪಕ್ಕದ ಸಾಧನವೇ ವಿಡಿಯೊವನ್ನು ಎಳೆದುಕೊಳ್ಳುತ್ತದೆ. ಸಿನಿಮಾಕ್ಕೆ ನನ್ನ ಮತ ಎರಡನೆಯದಕ್ಕೆ. ಫೋನಿನಲ್ಲಿ ಟಿವಿಯ ಹೆಸರೇ ಕಾಣುತ್ತಿಲ್ಲ ಅಂದರೆ, ಫೋನ್ ಅತಿಥಿಗಳ ವೈಫೈಯಲ್ಲಿದೆಯಾ ಅಂತ ಮೊದಲು ನೋಡಿ.

ಮೇಲಿನ ಹಾಲಿನ ಮೋಕಾ ಅಡಾಪ್ಟರಿಗೆ ಒಂದು ಸ್ವಿಚ್ (ಒಂದು ನೆಟ್‌ವರ್ಕ್ ತಂತಿಯನ್ನು ಹಲವಾಗಿ ಹಂಚುವ ಪೆಟ್ಟಿಗೆ) ಹಾಕಿ, ಅಲ್ಲಿಂದಲೇ ಮೇಲೆ ವೈಫೈ ಹರಡುವ ಒಂದು ಆ್ಯಕ್ಸೆಸ್ ಪಾಯಿಂಟ್‌ಗೂ ತಂತಿ ಕೊಟ್ಟೆ. ಹೆಸರು, ಪಾಸ್‌ವರ್ಡ್ ಕೆಳಗಿನದೇ, ಚಾನೆಲ್ ಮಾತ್ರ ಬೇರೆ. ಕದಲದ ಟಿವಿ, ಪ್ಲೇಯರ್, ಸರ್ವರ್ ಎಲ್ಲ ತಂತಿಗೆ ಹೋದ ಮೇಲೆ ಗಾಳಿಯಲ್ಲಿ ಉಳಿದದ್ದು ಫೋನು, ಟ್ಯಾಬ್ಲೆಟ್ ಅಷ್ಟೇ. ವೈಫೈ ಕೂಡ ತಾನಾಗೇ ಹಗುರವಾಯಿತು. ಯಾವುದು ಗೆದ್ದಿತು ಅಂತ ಯಾರಾದರೂ ಕೇಳಿದರೆ ನನಗೆ ಒಂದು ಹೆಸರು ಹೇಳಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಮೂರು ಒಟ್ಟಿಗೆ ಬದುಕುತ್ತಿವೆ, ನಾಲ್ಕನೆಯದಾದ ಕರೆಂಟ್ ಅಡಾಪ್ಟರುಗಳನ್ನು ಗೆಳೆಯನಿಗೆ ಕೊಟ್ಟೆ, ಅವನ ಬಾಡಿಗೆ ಮನೆಯಲ್ಲಿ ಚೆನ್ನಾಗಿ ಓಡುತ್ತಿವೆ.

ಕಳೆದ ವಾರ ಅಪ್ಪ ಮೂರು ಗಂಟೆಯ ಸಿನಿಮಾ ಒಂದೇ ಸಮನೆ ನೋಡಿ ಮುಗಿಸಿ, ಕೆಳಗೆ ಬಂದು ನೀರು ಕುಡಿದು, ಇನ್ನೊಂದು ಹಾಕಿಕೊಡು ಅಂದರು. ಹಿತ್ತಿಲಿನ ಸ್ಪೀಕರ್ ಮಾತ್ರ ಇನ್ನೂ ವೈಫೈ ಮೇಲೇ ಇದೆ, ಹಾಡಿನ ನಡುವೆ ಆಗಾಗ ತುಂಡಾಗುತ್ತದೆ. ಮುಂದಿನ ಸಲ ಗೋಡೆಗೆ ಬಣ್ಣ ಹೊಡೆಸುವಾಗ ಒಂದು ಪೈಪ್ ಹಾಕಿಸಬೇಕು. ಅಲ್ಲಿಗೆ 14 ಮೀಟರ್ ಬೇಕು, ಅಳೆದು ಕೇಬಲ್ ಸುತ್ತಿಟ್ಟಿದ್ದೇನೆ.